ಕಹಿಗೆ ಹಾಕಿದ ಅಂಕ

ಅನ್ನಪೂರ್ಣೇಶ್ವರಿ ನಗರ
೧೩ ಜುಲೈ ೨೦೨೫

ಪ್ರೀತಿಯ ಜಗದಾಂಬಾ,

ಮಂಡಿನೋವು ಹೇಗಿದೆ? ನಿನ್ನ ಎರಡು ಕಾಗದಗಳೂ ಬಂದು ಕೂತಿವೆ, ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಮೇ ತಿಂಗಳಲ್ಲಿ ನಮ್ಮ ಯಜಮಾನರಿಗೆ ಬಿಪಿ ಏರಿ ಪಾರ್ಶ್ವವಾಯು ಹೊಡೆಯಿತು. ಬಲಗೈ ಸ್ವಾಧೀನದಲ್ಲಿಲ್ಲ, ಮಾತು ತೊದಲುತ್ತದೆ. ಮದುವೆಯಾದ ಮೇಲೆ ಹಬ್ಬಕ್ಕೂ ಬಾರದ ರಾಗಿಣಿ ಧಾರವಾಡದಿಂದ ಬಂದು ಅಪ್ಪನ ಜೊತೆಗಿದ್ದಾಳೆ.

ಉಲ್ಲಾಳದ ನಮ್ಮ ಲ್ಯಾಬಿನ ಸುದ್ದಿ ನೀನು ಕೇಳಿದ್ದೆ. ಅದೇ ಸೋಯಾ, ಅದೇ ಗೋಳು. ಸೋಯಾ ಪ್ರೋಟೀನನ್ನು ಕಿಣ್ವ ಹಾಕಿ ಚೂರು ಮಾಡಿದಾಗ ಸಿಗುವ ಪೆಪ್ಟೈಡುಗಳಲ್ಲಿ ಕೆಲವು ಇಲಿಗಳ ಬಿಪಿ ಇಳಿಸಿವೆ. ಮನುಷ್ಯರಿಗೂ ಇಳಿಯುತ್ತದೆಯೇ ಎಂದರೆ ಸುಧೀಂದ್ರ ಸಾರ್ ಇನ್ನೂ "ನೋಡೋಣ" ಎನ್ನುತ್ತಾರೆ. ಆದರೆ ಚೂರು ಮಾಡಿದಷ್ಟೂ ಕಹಿ. ರುಚಿ ನೋಡಿ ಆ ಕಹಿಗೆ ಅಂಕ ಹಾಕಲೆಂದೇ ಅಲ್ಲವೇ ನಮ್ಮಿಬ್ಬರನ್ನೂ ಅಕ್ಕಪಕ್ಕ ಕೂರಿಸಿದ್ದು? ನಮ್ಮತ್ತೆ ಇದ್ದಿದ್ದರೆ "ಇವಳ ನಾಲಿಗೆಗೆ ಸಂಬಳ ಬೇರೆ ಕೇಡು" ಎನ್ನುತ್ತಿದ್ದರು.

ನಿನ್ನಲ್ಲಿ ಮುಚ್ಚುಮರೆ ಏಕೆ? ಹೋದ ವರ್ಷ ನನಗೆ ಜ್ವರ ಬಂತಲ್ಲ, ಅದಾದ ವಾರಕ್ಕೆ ಯುಗಾದಿಯ ದಿನ ಬೇವುಬೆಲ್ಲ ಬಾಯಿಗಿಟ್ಟರೆ ಬೇವೂ ಇಲ್ಲ, ಬೆಲ್ಲವೂ ಇಲ್ಲ. ಇಂದಿಗೂ ನಾಲಿಗೆಗೆ ಏನೂ ತಿಳಿಯದು. ಯಾರಿಗೂ ಹೇಳಲಿಲ್ಲ. ಕೆಲಸ ಹೋದೀತೆಂಬ ಭಯಕ್ಕಿಂತ "ವತ್ಸಲಾ ಮೇಡಂ ನಾಲಿಗೆ ಅಂದ್ರೆ ನಾಲಿಗೆ" ಎನ್ನಿಸಿಕೊಳ್ಳುವ ಜಂಬ ದೊಡ್ಡದಿತ್ತು. ನಿನ್ನ ಜಾಗಕ್ಕೆ ಬಂದ ಮಾಲವಿಕಾ ಪಕ್ಕದ ಕ್ಯಾಬಿನ್ನಿನಲ್ಲಿ ಕಹಿ ಹೋಗಲು ಎಷ್ಟು ಸಲ ಬಾಯಿ ಮುಕ್ಕಳಿಸುತ್ತಾಳೆಂದು ಕಿವಿಗೊಟ್ಟು, ಅಷ್ಟು ಅಂಕ ಹಾಕುತ್ತಿದ್ದೆ. ಅವಳು ರಜೆ ಹಾಕಿದ ದಿನ ಎಲ್ಲಕ್ಕೂ ಎರಡೋ ಮೂರೋ. ಎಂಥ ಹೆಂಗಸು ನಾನು!

ಕಳೆದ ವಾರ ಸುಧೀಂದ್ರ ಸಾರ್ ಮುಂದೆ ಎಲ್ಲ ಒಪ್ಪಿಕೊಂಡು ಕೆಲಸ ಬಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದೂಕಾಲು ವರ್ಷದ್ದೆಲ್ಲಾ ಮತ್ತೆ ಮಾಡ್ಬೇಕು ಮೇಡಂ. ಮನೇಲೂ ಯಾರಿಗೂ ಗೊತ್ತಾಗ್ಲಿಲ್ವಾ?"

ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಮೊಮ್ಮಗುವಿಗೆ ನನ್ನ ಮುತ್ತು. ನೀನು ಮಾತ್ರೆ ತಪ್ಪಿಸಬೇಡ. ದೇವರು ನಿನ್ನ ಮನೆಯವರನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ,
ವತ್ಸಲಾ

ತಾ.ಕ.: ಈಗ ಏಕೆ ಒಪ್ಪಿಕೊಂಡೆ ಎಂದು ನೀನು ಕೇಳುತ್ತೀಯೆ. ಇವರು ಆಸ್ಪತ್ರೆಯಿಂದ ಬಂದ ಮೇಲೆ ಅಡುಗೆ ರಾಗಿಣಿಯದೇ ಆಗಿತ್ತು. ಹತ್ತು ದಿನದ ಹಿಂದೆ ನಾನು ಸಾರು ಮಾಡಿದೆ. ರಾಗಿಣಿ ಒಂದು ತುತ್ತು ಬಾಯಿಗಿಟ್ಟವಳೇ ಸಿಂಕಿಗೆ ಓಡಿದಳು. "ಅಮ್ಮಾ, ಬರೀ ಉಪ್ಪು! ಅಪ್ಪಂಗೆ ದಿನಾ ಇದನ್ನೇ ಬಡಿಸ್ತಿದ್ಯಾ?"

ಹೌದು ಕಣೇ, ಬಿಪಿ ಇರುವ ಮನುಷ್ಯನಿಗೆ ದಿನಾ ಅದನ್ನೇ ಬಡಿಸಿದೆ. ಸಪ್ಪೆಯಾದೀತೆಂದು ಇನ್ನೊಂದು ಚಿಟಿಕೆ ಹಾಕುತ್ತಿದ್ದೆ. ಉಪ್ಪೊಂದೇ ಕಾರಣವಲ್ಲ ಎನ್ನುತ್ತಾರೆ ಡಾಕ್ಟರು. ನನಗೆ ಸಮಾಧಾನವಿಲ್ಲ.

"ಒಂದು ಮಾತು ಹೇಳ್ಬಾರ್ದಿತ್ತೇನ್ರೀ?" ಎಂದು ಇವರ ಮಂಚದ ಪಕ್ಕ ಕೂತು ಅತ್ತೆ. ಇವರು ತೊದಲುತ್ತಾ ಹೇಳಿದರು: "ನಿನ್ ಜ್ವರ ಬಿಟ್ಟ ವಾರಾನೇ ಗೊತ್ತಾಯ್ತು. ಹೇಳಿದ್ರೆ ನೀನು ಕೆಲಸ ಬಿಟ್ಬಿಡ್ತಿದ್ದೆ ಕಣೇ."