ಮಂಜಿನೊಳಗಿಂದ ಬಂದ ಪಾಸು

14 ಡಿಸೆಂಬರ್ 1983, ಬುಧವಾರ. ತಾಳಮಲೆ.

ಶಿವಮಲ್ಲ ಕೊಯಮತ್ತೂರಿನ ಫುಟ್‌ಬಾಲ್ ಹಾಸ್ಟೆಲ್‌ಗೆ ಹೋಗಲ್ಲವಂತೆ. ನಮ್ಮ ಶಾಲೆಯಲ್ಲಿ ನಾನು ಆಟ ಕಲಿಸಿದ ಹುಡುಗರಲ್ಲಿ ಆಯ್ಕೆಯಾದವರೇ ಇಬ್ಬರು. ಇನ್ನೊಬ್ಬ, ಬಿಳಿಗಿರಿ, ಹೋದ ತಿಂಗಳು ಜ್ವರದಲ್ಲಿ ತೀರಿಕೊಂಡ.

ಬುದ್ಧಿ ಹೇಳೋಣವೆಂದು ಸಂಜೆ ಮೈದಾನಕ್ಕೆ ಹೋದೆ. ಮಂಜು ಕವಿದಿತ್ತು. ಶಿವಮಲ್ಲ ಒಬ್ಬನೇ ಎಡಗಡೆಗೆ, ಬಿಳಿಗಿರಿ ಆಡುತ್ತಿದ್ದ ಜಾಗಕ್ಕೆ, ಚೆಂಡು ಒದೆಯುತ್ತಿದ್ದ. ಅಲ್ಲಿ ಗೋಡೆಯಿಲ್ಲ, ದಿಬ್ಬವಿಲ್ಲ. ಆದರೂ ಚೆಂಡು ತಿರುಗಿ ಬರುತ್ತಿತ್ತು.

"ಅಲ್ಲಿ ನಿನ್ನ ದೊಡ್ಡ ಆಟಗಾರನ್ನಾಗಿ ಮಾಡ್ತಾರೆ ಕಣ್ಲಾ," ಎಂದೆ.

"ನಾ ಒಂಟೋದ್ರ ಅಂವ ಯಾರ್ ಜೊತ ಆಡಾನು ಸಾ?"

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಚೆಂಡು ಮಂಜಿನಿಂದ ಉರುಳಿ ಬಂದು ನನ್ನ ಕಾಲ ಬಳಿಯೇ ನಿಂತಿತು. ಬಿಳಿಗಿರಿಗೆ ನಾನೇ ಕಲಿಸಿದ್ದ ಹದವಾದ ಪಾಸು. ಯೋಚಿಸದೆ ತಿರುಗಿ ಒದ್ದೆ.

ಕತ್ತಲಾಗುವ ತನಕ ಮೂವರೂ ಆಡಿದೆವು.

ನಾಳೆ ಶಿವಮಲ್ಲನಿಗೆ ಹೇಳಬೇಕು, ನೀನು ಧೈರ್ಯವಾಗಿ ಹೋಗು, ಸಂಜೆ ಅವನ ಜೊತೆ ಆಡಲು ನಾನು...