ಹಳದಿ ಅನ್ನ ಕತ್ತರಿಸಿದ ಆರೋಗ್ಯಾಧಿಕಾರಿಗಳಿಗೆ

ಜಿಲ್ಲಾ ಆರೋಗ್ಯ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ಆಟಿಸಂ ಗುಣಪಡಿಸುತ್ತೇವೆ ಎಂದು ಬೋರ್ಡು ಹಾಕಿಕೊಂಡಿರುವ ನಮ್ಮೂರಿನ ಕೇಂದ್ರದ ಗೋಡೆಯ ಮೇಲೆ ವೈದ್ಯರ ಪದವಿಪತ್ರ ಒಂದೂ ಇಲ್ಲ; ನಿಮ್ಮ ಫೋಟೊ ಇದೆ. ಉದ್ಘಾಟನೆಯ ದಿನ ನೀವು ಹಳದಿ ಅನ್ನದ ಗೋಪುರದ ತುದಿ ಕತ್ತರಿಸಿ ಒಡತಿಯ ತಟ್ಟೆಗೆ ಇಡುತ್ತಿರುವ ಫೋಟೊ. ದೊಡ್ಡವರು ಆ ತುದಿ ಕತ್ತರಿಸಿ ಕೊಟ್ಟರೆ ಹರಸಿ ಒಪ್ಪಿಗೆ ಕೊಟ್ಟಂತೆ ಎಂದೇ ಜಾವಾದ ಜನ ಅರ್ಥ ಮಾಡಿಕೊಳ್ಳುತ್ತಾರೆಂದು ನಿಮಗೆ ನಾನು ಹೇಳಬೇಕೆ?

ನನ್ನ ಅಕ್ಕ ಮುರ್ನಿ ಅದೇ ಅರ್ಥ ಮಾಡಿಕೊಂಡಳು. ಅವಳ ಮಗ ಗಾಲಿಹ್‌ಗೆ ಆರು ವರ್ಷ. ಆಟಿಸಂ ಇದೆ, ಇನ್ನೂ ಮಾತು ಬಂದಿಲ್ಲ. ವಾರಕ್ಕೆ ಮೂರು ದಿನ ಅವನನ್ನು ಉದ್ದನೆಯ ಪೆಟ್ಟಿಗೆಯೊಂದರಲ್ಲಿ ಮಲಗಿಸಿ, ಮುಚ್ಚಿ, ಒತ್ತಡದಲ್ಲಿ ಆಮ್ಲಜನಕ ಬಿಡುತ್ತಾರೆ. ಮಿಕ್ಸಿಯ ಸದ್ದಿಗೇ ಕಿವಿ ಮುಚ್ಚಿಕೊಳ್ಳುವ ಮಗು ಅದು. ಅವನು ಒಳಗೆ ಕಿರುಚುತ್ತಿದ್ದಾಗ ನಾನು ಒಡತಿಯನ್ನು ಮೆಲ್ಲಗೆ ವಿಚಾರಿಸಿದೆ.

“ಕಿರುಚಿದ್ರೆ ಒಳ್ಳೇದು ಕಣಮ್ಮ, ವಿಷ ಹೊರಗೆ ಬರ್ತಿದೆ.”

“ಕಿರುಚದೇ ಇದ್ರೆ?”

“ವಿಷ ಖಾಲಿ ಆಗಿದೆ ಅಂತ.”

ಮಾನ್ಯರೇ, ನಾನು ಓದಿದ್ದು ಸಾಹಿತ್ಯ. ಆದರೆ ಹೇಗೆ ತಿರುಗಿಸಿದರೂ ಸೋಲದ ಮಾತನ್ನು ಅನುಮಾನಿಸಲು ವೈದ್ಯಶಾಸ್ತ್ರ ಬೇಕೆ? ಈ ಪೆಟ್ಟಿಗೆಯಿಂದ ಮಾತು ಬಂದ ಮಗು ಯಾವುದು? ಪರೀಕ್ಷಿಸಿದವರು ಯಾರು? ಗೋಡೆಯ ಮೇಲೆ ಅಂಟಿಸಿರುವ ಏಳು ತಾಯಂದಿರ ಪತ್ರಗಳು ಏಳೂ “ಪವಾಡವೇ ಸರಿ” ಎಂದೇ ಮುಗಿಯುವುದೇಕೆ?

ನಿಮ್ಮ ಕಚೇರಿಗೂ ಬಂದಿದ್ದೆ. ಕಡತ ನೋಡಿದ ಗುಮಾಸ್ತರು, ಅನುಮತಿ ಇರುವುದು ಮಾಲೀಸು ಕೇಂದ್ರಕ್ಕೆ ಮಾತ್ರ ಎಂದರು. ಫೋಟೊದ ವಿಷಯ ಎತ್ತಿದೆ.

“ಅನ್ನ ಕತ್ತರಿಸೋದು ಬೇರೆ, ಅನುಮತಿ ಕೊಡೋದು ಬೇರೆ, ತಂಗಿ. ಸಾಹೇಬ್ರು ಕರೆದಲ್ಲೆಲ್ಲಾ ಹೋಗ್ತಾರೆ. ಹೋದ ವಾರ ಕೋಳಿ ಅಂಗಡೀಲೂ ಕತ್ತರಿಸಿದ್ರು.”

ಕೋಳಿ ಅಂಗಡಿಯವರು ಯಾರ ಮಗುವನ್ನೂ ಶಾಲೆ ಬಿಡಿಸಿಲ್ಲ. ಈ ಒಡತಿ ಬಿಡಿಸುತ್ತಿದ್ದಾರೆ. ಶಾಲೆಯೂ ಇದೂ ಒಟ್ಟಿಗೆ ನಡೆದರೆ ಚಿಕಿತ್ಸೆ ಹತ್ತುವುದಿಲ್ಲವಂತೆ. ವಿಶೇಷ ಶಾಲೆಯ ಟೀಚರು ನಾಲ್ಕು ತಿಂಗಳು ಹೆಣಗಿದ ಮೇಲೆ ಗಾಲಿಹ್ ಲೋಟದ ಚಿತ್ರ ಮುಟ್ಟಿ ನೀರು ಕೇಳಲು ಕಲಿತಿದ್ದಾನೆ. ಸೋಮವಾರ ಅಕ್ಕ ಅವನ ಸೀಟು ಬಿಟ್ಟುಕೊಡುತ್ತಾಳೆ. ಮತ್ತೆ ಬೇಕೆಂದರೆ ಎರಡು ವರ್ಷ ಕಾಯಬೇಕು.

ಬೇಡ ಅಂದೆ. ಅಕ್ಕ ಸೋಯಾ ಕಾಳಿನ ಟೆಂಪೆ ಕರಿಯುತ್ತಲೇ ಹೇಳಿದಳು: “ಜಿಲ್ಲೆಯ ಡಾಕ್ಟರುಗಳಿಗೆಲ್ಲ ದೊಡ್ಡವರು ಬಂದು ಅನ್ನ ಕತ್ತರಿಸಿದ್ದಾರೆ. ನೀನು ಕಥೆ ಓದಿ ಪಾಸಾದೋಳು. ನಾನು ಯಾರನ್ನ ನಂಬ್ಲಿ, ನೀನೇ ಹೇಳು.”

ಅವಳು ದಡ್ಡಿಯಲ್ಲ ಮಾನ್ಯರೇ, ಸರ್ಕಾರವನ್ನು ನಂಬುವವಳು.

ನಾನು ಕೇಳುವುದು ಒಂದೇ ಸಾಲು. ಈ ಪೆಟ್ಟಿಗೆಯಿಂದ ಆಟಿಸಂ ಗುಣವಾಗುತ್ತದೆ ಎನ್ನಲು ನಮ್ಮಲ್ಲಿ ಯಾವ ಆಧಾರವೂ ಇಲ್ಲ ಎಂದು ಬರೆದು, ಮೊಹರು ಹಾಕಿ, ಶುಕ್ರವಾರದೊಳಗೆ ಕೊಡಿ. ಆಧಾರ ಇದ್ದರೆ ಅದನ್ನೇ ಕೊಡಿ. ಗಾಲಿಹ್‌ನನ್ನು ನಾನೇ ಕೈಹಿಡಿದು ಅಲ್ಲಿಗೆ ಕರೆದೊಯ್ಯುತ್ತೇನೆ. ಎರಡೂ ಆಗದಿದ್ದರೆ ಸೋಮವಾರ ಬೆಳಿಗ್ಗೆ ಶಾಲೆಗೆ ಬನ್ನಿ. ಸೀಟು ಬಿಟ್ಟುಕೊಡುವ ಅರ್ಜಿಯಲ್ಲಿ ಕಾರಣ ಬರೆಯುವ ಜಾಗವಿದೆ. ಅಲ್ಲಿ ನೀವೇ ಬರೆಯಿರಿ.

ಇಂತಿ,
ಸ್ವಂತ ಅಕ್ಕನನ್ನು ಒಪ್ಪಿಸಲಾಗದೆ ಪತ್ರಿಕೆಯ ಮೊರೆಹೊಕ್ಕ
ಲಾರಸ್ತಿ, ಗಾಲಿಹ್‌ನ ಚಿಕ್ಕಮ್ಮ