ಎರಡು ಪೆಟ್ಟಿಗೆಗಳ ನಡುವೆ

ಭಾನುವಾರ, ಮಧ್ಯಾಹ್ನ
ವರ್ಕ್‌ಶಾಪಿನ ಹಿಂದಿನ ಕೋಣೆ

ಪ್ರೀತಿಯ ಭಾವನವರಿಗೆ,

ಹಾಗಲ್ಲ, ಅದು ಹಠ ಅಲ್ಲವೇ ಅಲ್ಲ. ನಿನ್ನೆ ನೀವು ಅಂಗಡಿ ಮೇಲ್‌ನ ಪಾಸ್‌ವರ್ಡ್ ಕೇಳಿದಾಗ ನಾನು ಸರಿಯಾಗಿ ಕೇಳಿಸುತ್ತಿಲ್ಲ, ಲೈನ್ ಕೆಟ್ಟಿದೆ ಎಂದು ಫೋನ್ ಇಟ್ಟುಬಿಟ್ಟೆನಲ್ಲ, ಲೈನ್ ಚೆನ್ನಾಗಿಯೇ ಇತ್ತು. ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದ ಮಗಳಿಗೂ ಕೇಳಿಸಿರಬಹುದು, ನಿಮ್ಮ ಗಂಟಲು ಅಂಥದ್ದು. ಆಸ್ಪತ್ರೆಯವರು ರಿಸಲ್ಟ್ ಮೇಲ್ ಕಳಿಸೇ ಇಲ್ಲ, ಕಳಿಸಿದ್ರೆ ನಿಮ್ಮ ಮೇಲ್ ಡಬ್ಬದಲ್ಲಿ ಇರಬೇಕಲ್ಲ, ಆ ಡಬ್ಬ ತೆಗೆದು ವಕೀಲರಿಗೆ ತೋರಿಸ್ತೀನಿ, ನನ್ನ ತಂಗಿ ಸುಮ್ಮನೆ ಸತ್ತಿಲ್ಲ, ಕೊಂದಿದ್ದಾರೆ ಅಂದಿರಿ. ರಿಸಲ್ಟ್ ಕೌಂಟರಿನ ಆ ಹೆಂಗಸನ್ನು ಮನೆಗೆ ಕಳಿಸೋ ತನಕ ಬಿಡಲ್ಲ ಅಂತಲೂ ಅಂದಿರಿ.

ಅದಕ್ಕೆ ಉತ್ತರ ಇದು. ಮೇಲ್‌ನಲ್ಲಿ ಬರೆಯಲಿಲ್ಲ, ಯಾಕೆಂದರೆ ನಾನು ಕಳಿಸುವ ಮೇಲ್‌ನ ಒಂದು ಪ್ರತಿ ನಮ್ಮ ಮಗಳು ಗುಬ್ಬಿಗೆ ಹೋಗುತ್ತದೆ. ನಾನು ಗಿರಾಕಿಗಳಿಗೆ ಏನೇನೋ ಮಾತು ಕೊಟ್ಟುಬಿಡುತ್ತೇನೆಂದು ಅವಳೇ ಹಾಗೆ ಮಾಡಿಟ್ಟಿದ್ದಾಳೆ. ಅದಕ್ಕೇ ಪೆನ್ನು, ಕಾಗದ. ಶುರುವಿಗೆ 'ಐ ಬೆಗ್ ಟು ಸ್ಟೇಟ್ ದ ಫಾಲೋಯಿಂಗ್ ಫ್ಯೂ ಲೈನ್ಸ್' ಅಂತ ಕಾಲೇಜಿನಲ್ಲಿ ಕಲಿತ ಥರ ಬರೆದೆ. ಆಮೇಲೆ ಹರಿದು ಹಾಕಿದೆ. ಇದು ಫ್ಯೂ ಲೈನ್ಸ್‌ನಲ್ಲಿ ಮುಗಿಯುವುದಲ್ಲ.

ನಮ್ಮ ಅಂಗಡಿಯ ಹೆಸರಲ್ಲಿ ಇಂಟರ್ನೆಟ್ಟಿನಲ್ಲಿ ಒಂದು ವಿಳಾಸ ಇದೆಯಲ್ಲ, ಡೊಮೇನ್ ಅನ್ನುತ್ತಾರೆ, ಅದು ನಮ್ಮ ಹತ್ತಿರ ಇರುವುದಲ್ಲ. ಎಲ್ಲೋ ಒಂದು ಕಂಪನಿಯ ಯಂತ್ರದಲ್ಲಿ ಬಾಡಿಗೆಗೆ ಇದೆ. ಅದರೊಳಗೆ ನಮಗೆ ಬೇಕಾದಷ್ಟು ಅಂಚೆ ಪೆಟ್ಟಿಗೆ ಮಾಡಿಕೊಳ್ಳಬಹುದು. ನಿಮ್ಮ ತಂಗಿ ಹೆಸರಿಗೊಂದು, ನನ್ನ ಹೆಸರಿಗೊಂದು, ರಿಪೇರಿಗೆ ಬರುವವರಿಗಾಗಿ 'ಸರ್ವಿಸ್' ಅಂತೊಂದು. 'ಮ್ಯಾನೇಜರ್' ಅಂತ ಕೂಡ ಒಂದಿದೆ. ತಕ್ಕಡಿ ರಿಪೇರಿ ಮಾಡುವ ಮೂರು ಜನರ ಅಂಗಡಿಗೆ ಮ್ಯಾನೇಜರ್ ಯಾರೇ ಅಂತ ಕೇಳಿದ್ದಕ್ಕೆ, ಬೈಯೋರಿಗೆ ಒಂದು ವಿಳಾಸ ಬೇಡ್ವಾ, ಬೈದು ಸಮಾಧಾನ ಮಾಡ್ಕೊಳ್ಳಲಿ ಅಂದಿದ್ದಳು ನಿಮ್ಮ ತಂಗಿ. ಬೈಗುಳವೆಲ್ಲ ಅವಳೇ ಓದಿ, ಮ್ಯಾನೇಜರ್ ಪರವಾಗಿ ಅವಳೇ ಕ್ಷಮೆ ಕೇಳುತ್ತಿದ್ದಳು.

ಒಂದು ಪೆಟ್ಟಿಗೆಗೆ ಬಂದದ್ದನ್ನು ತಾನಾಗಿ ಇನ್ನೊಂದಕ್ಕೆ ದಾಟಿಸುವ ಏರ್ಪಾಡೂ ಅಲ್ಲಿದೆ. ಅದು ಫಾರ್ವರ್ಡಿಂಗ್. ಕಂಟ್ರೋಲ್ ಪ್ಯಾನೆಲ್ ಎಂಬ ಪುಟದಲ್ಲಿ ಒಂದು ಸಾಲು ಸೇರಿಸಿದರೆ ಆಯಿತು, ಇಲ್ಲಿಂದ ಅಲ್ಲಿಗೆ ಅಂತ. ಒಂದು ಪ್ರತಿ ಇಲ್ಲೇ ಇರಲಿ ಅನ್ನುವ ಚೌಕಕ್ಕೆ ಗುರುತು ಹಾಕಿದರೆ ಎರಡೂ ಕಡೆ ಇರುತ್ತದೆ, ಹಾಕದಿದ್ದರೆ ಇಲ್ಲಿ ಏನೂ ಉಳಿಯುವುದಿಲ್ಲ. ನಮ್ಮ ಪೆಟ್ಟಿಗೆಗಳು ಬೇಗ ತುಂಬಿಹೋಗುತ್ತವೆಂದು ನಮ್ಮ ಮನೆಯಲ್ಲಿ ಯಾರೂ ಆ ಗುರುತು ಹಾಕುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ ಭಾವ. ಎಲ್ಲ ಇದರ ಮೇಲೆಯೇ ನಿಂತಿದೆ.

ನಿಮ್ಮ ತಂಗಿಗೆ ಕೊನೆಯ ವರ್ಷ ಸುಸ್ತು ಜಾಸ್ತಿ ಇತ್ತು. ಕಂಪ್ಯೂಟರ್ ಪರದೆ ನೋಡಿದರೆ ಕಣ್ಣಲ್ಲಿ ನೀರು. ಹೇಳುತ್ತಿರಲಿಲ್ಲ, ನಿಮ್ಮ ವಂಶದವರು ಹೇಳುವವರಲ್ಲ. ಗುಬ್ಬಿ ನೋಡಿದಳು. ಅಮ್ಮನಿಗೆ ಗೊತ್ತಾದರೆ ಬಿಡುವುದಿಲ್ಲ ಎಂದು, ಹೇಳದೆ ಒಂದು ಸಾಲು ಹಾಕಿದಳು. ಅಮ್ಮನ ಪೆಟ್ಟಿಗೆಗೆ ಬಂದದ್ದೆಲ್ಲ 'ಸರ್ವಿಸ್'ಗೆ ಹೋಗಲಿ. 'ಸರ್ವಿಸ್' ನೋಡಿಕೊಳ್ಳುತ್ತಿದ್ದವಳು ಗುಬ್ಬಿ.

ಅದೇ ವಾರ ನಿಮ್ಮ ತಂಗಿ ಇನ್ನೊಂದು ನೋಡಿದಳು. ಮಗಳು ದಿನವಿಡೀ ಬೆಂಚಿನ ಮುಂದೆ ಬಗ್ಗಿ ತಕ್ಕಡಿಯ ಸ್ಪ್ರಿಂಗ್ ಬಿಚ್ಚಿ, ತೂಕದ ಕಲ್ಲು ಇಟ್ಟು ಪರೀಕ್ಷೆ ಮಾಡಿ, ಬೆನ್ನು ಹಿಡಿದುಕೊಂಡು ಎದ್ದು, ಮತ್ತೆ ಮೇಲ್ ನೋಡಲು ಕೂರುತ್ತಾಳೆ. ಹೇಳಿದರೆ ಕೇಳುವವಳಲ್ಲ. ಅದಕ್ಕೆ ಇವಳೂ, ಮಗಳೇ ಕಲಿಸಿಕೊಟ್ಟಿದ್ದ ವಿದ್ಯೆಯಿಂದ, ಹೇಳದೆ ಒಂದು ಸಾಲು ಹಾಕಿದಳು. 'ಸರ್ವಿಸ್'ಗೆ ಬಂದದ್ದೆಲ್ಲ ತನ್ನ ಪೆಟ್ಟಿಗೆಗೆ ಬರಲಿ.

ಅರ್ಥವಾಯಿತಲ್ಲ ಭಾವ? ಅಲ್ಲಿಂದಾಚೆಗೆ ಈ ಎರಡು ವಿಳಾಸಕ್ಕೆ ಯಾರು ಬರೆದರೂ ಆ ಕಾಗದ ಅಮ್ಮನಿಂದ ಮಗಳಿಗೆ, ಮಗಳಿಂದ ಅಮ್ಮನಿಗೆ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಎಲ್ಲೂ ಇಳಿಯುತ್ತಿರಲಿಲ್ಲ. ಕೆಲವು ಸುತ್ತು ನೋಡಿ ಯಂತ್ರವೇ ಅದನ್ನು ಹೊರಗೆ ಎಸೆಯುತ್ತಿತ್ತು. ಯಾರೂ ಬರೆಯುತ್ತಿಲ್ಲ, ಅಮ್ಮನ ಪೆಟ್ಟಿಗೆಯೂ ಖಾಲಿ, ಸದ್ಯ ಅವಳಿಗೆ ವಿಶ್ರಾಂತಿ ಅಂದುಕೊಂಡಳು ಮಗಳು. ಗಿರಾಕಿಗಳು ಸುಮ್ಮನಾಗಿದ್ದಾರೆ, ಹುಡುಗಿ ಬೇಗ ಮಲಗ್ತಾಳೆ ಅಂದುಕೊಂಡಳು ತಾಯಿ. ಇಬ್ಬರೂ ಒಳಗೊಳಗೇ ಖುಷಿಯಾಗಿದ್ದರು. ಊಟಕ್ಕೆ ಕೂತಾಗ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಏನ್ರೇ ವಿಷಯ ಅಂದರೆ, ನಿಮಗ್ಯಾಕೆ, ಸಾರು ಹಾಕ್ಕೊಳ್ಳಿ ಅನ್ನುತ್ತಿದ್ದರು. ಜರೂರಿದ್ದ ಗಿರಾಕಿಗಳು ಫೋನ್ ಮಾಡುತ್ತಿದ್ದರು, ಇಲ್ಲವೇ ತಕ್ಕಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿಗೇ ಬರುತ್ತಿದ್ದರು.

ಆ ದಿನಗಳಲ್ಲೇ ಅವಳು ಪರೀಕ್ಷೆಗೆ ರಕ್ತ ಕೊಟ್ಟು, ಬಯಾಪ್ಸಿ ಅಂತ ಮೈಯಿಂದ ಒಂದು ತುಂಡನ್ನೂ ತೆಗೆಸಿಕೊಂಡು ಬಂದದ್ದು. ಏನಾದ್ರೂ ಇದ್ರೆ ಮೇಲ್ ಮಾಡಿ ಕರೀತೀವಿ, ಬರಲಿಲ್ಲ ಅಂದ್ರೆ ಆರಾಮಾಗಿರಿ ಅಂದಳಂತೆ ಕೌಂಟರಿನ ಹೆಂಗಸು. ಬರಲಿಲ್ಲ. ನಾವು ಆರಾಮಾಗಿದ್ದೆವು. ನೋಡಿ, ಏನೂ ಇಲ್ಲ, ನೀವೇ ಹೆದರಿಸಿದ್ದು ಅಂತ ನನಗೆ ಹೇಳಿ ಕಿಟಕಿಯ ಪರದೆಗಳನ್ನೆಲ್ಲ ಒಗೆದು ಹಾಕಿದಳು. ಮತ್ತೆ ಆಸ್ಪತ್ರೆಗೆ ಹೋದದ್ದು ಬಿದ್ದ ಮೇಲೆ. ಆಗ ಡಾಕ್ಟರು ಫೈಲ್ ನೋಡಿ, ಇಷ್ಟು ದಿನ ಎಲ್ಲಿದ್ರಿ ಅಂದರು. ಮುಂದಿನದು ನಿಮಗೆ ಗೊತ್ತು. ವಾರ್ಡಿನ ಬಾಗಿಲ ಹತ್ತಿರ ನೀವೇ ನಿಂತಿದ್ದಿರಿ.

ಈ ಸಾಲುಗಳನ್ನು ನಾನು ಕಂಡದ್ದು ಮೊನ್ನೆ, ಅವಳ ಪೆಟ್ಟಿಗೆ ಮುಚ್ಚೋಣವೆಂದು ಒಳಗೆ ಹೋದಾಗ. ಒಂದರ ಪಕ್ಕದಲ್ಲಿ ಹಾಕಿದವಳೆಂದು ಮಗಳ ಹೆಸರು, ಒಂದರ ಪಕ್ಕದಲ್ಲಿ ಅಮ್ಮನ ಹೆಸರು, ಎರಡಕ್ಕೂ ಒಂದೇ ವಾರದ ತಾರೀಖು. ನನಗೆ ನಂಬಿಕೆ ಬರಲಿಲ್ಲ. ಬಾಡಿಗೆ ಕಂಪನಿಗೆ ಫೋನ್ ಮಾಡಿದೆ. ಅಲ್ಲೊಬ್ಬಾಕೆ ಬಹಳ ಮರ್ಯಾದೆಯಿಂದ ಹುಡುಕಿ ಹೇಳಿದಳು, ಹೌದು ಸರ್, ಆಸ್ಪತ್ರೆಯಿಂದ ಮೇಲ್ ಬಂದಿದೆ, ನಿಮ್ಮ ಎರಡು ವಿಳಾಸದ ಮಧ್ಯೆ ಸುತ್ತಿ ವಾಪಸ್ ಹೋಗಿದೆ. ವಾಪಸ್ ಹೋದದ್ದು ಆಸ್ಪತ್ರೆಯ ಯಾವುದೋ ಯಂತ್ರದ ವಿಳಾಸಕ್ಕೆ, ಅದನ್ನು ಯಾರೂ ಓದುವುದಿಲ್ಲವಂತೆ. ಎನಿಥಿಂಗ್ ಎಲ್ಸ್ ಸರ್ ಅಂದಳು. ನಥಿಂಗ್ ಎಲ್ಸ್ ಅಂದೆ. ನನ್ನ ಇಂಗ್ಲಿಷ್ ಅಷ್ಟಕ್ಕೇ ಸಾಕಾಯಿತು.

ಕೌಂಟರಿನ ಹೆಂಗಸು ತನ್ನ ಕೆಲಸ ಮಾಡಿದ್ದಾಳೆ. ಆಕೆಯ ಅನ್ನಕ್ಕೆ ಕೈ ಹಾಕಬೇಡಿ. ಅದು ಒಂದು. ಇನ್ನೊಂದು, ನೀವು ದೂರು ಕೊಟ್ಟರೆ ಅವರು ನಮ್ಮ ಪುಟ ತೆರೆಸುತ್ತಾರೆ. ಆಗ ಎಲ್ಲರೆದುರು ಗುಬ್ಬಿಗೆ ಗೊತ್ತಾಗುತ್ತದೆ. ಅಮ್ಮನ ಕಣ್ಣಿಗೆ ತ್ರಾಸಾಗದಿರಲಿ ಎಂದು ತಾನು ಹಾಕಿದ ಒಂದು ಸಾಲು ಏನು ಮಾಡಿತು ಅಂತ. ನನ್ನ ಮನೆಯಲ್ಲಿ ಈಗ ಉಳಿದಿರುವುದು ಅವಳೊಬ್ಬಳು. ಈಗಲೇ ಅವಳು ಸರಿಯಾಗಿ ಊಟ ಮಾಡುತ್ತಿಲ್ಲ, ಅಮ್ಮನ ಸ್ಟೂಲಿನ ಮೇಲೆ ತಾನೂ ಕೂರುವುದಿಲ್ಲ, ಕೂರಲು ಯಾರಿಗೂ ಬಿಡುವುದಿಲ್ಲ. ಇದನ್ನೂ ಹೊರು ಅಂದರೆ ಹೊತ್ತಾಳೆಯೇ?

ನಿಮಗೆ ಯಾರ ಮೇಲಾದರೂ ಸಿಟ್ಟು ಮಾಡಲೇಬೇಕು, ನನಗೆ ಗೊತ್ತು. ಹೆತ್ತವರು ಹೋದ ಮೇಲೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವರು ನೀವು. ನನ್ನ ಮೇಲೆ ಮಾಡಿ. ಆ ಮುದುಕನಿಗೆ ಕಂಪ್ಯೂಟರ್ ಬರಲ್ಲ, ಏನೋ ಒತ್ತಿ ಹಾಳು ಮಾಡಿದ ಅಂತ ನೆಂಟರಿಗೆಲ್ಲ ಹೇಳಿ. ನಂಬುತ್ತಾರೆ. ನಾನು ಎದುರು ಮಾತಾಡುವುದಿಲ್ಲ.

ಎರಡೂ ಸಾಲನ್ನು ಅಳಿಸಿಬಿಡುತ್ತೇನೆ. ಮೊನ್ನೆಯೇ ಮಾಡಬೇಕಿತ್ತು. ಕೈ ಬರಲಿಲ್ಲ. ನಿಮ್ಮ ತಂಗಿ ಹಾಕಿದ ಸಾಲು ಇನ್ನೂ ಕೆಲಸ ಮಾಡುತ್ತಿದೆ, ಮಗಳ ಬೆನ್ನಿನ ಹೊರೆ ಇಳಿಸುತ್ತಲೇ ಇದೆ, ಅವಳು ಹೋದದ್ದು ಅದಕ್ಕೆ ಗೊತ್ತಿಲ್ಲ ಅನ್ನಿಸಿ ಪುಟ ಮುಚ್ಚಿಬಿಟ್ಟೆ. ಇವತ್ತು ಮಾಡುತ್ತೇನೆ. ಗುಬ್ಬಿ ಗಿರಾಕಿಯೊಬ್ಬರ ತಕ್ಕಡಿ ಕೊಡಲು ಹೋಗಿದ್ದಾಳೆ, ಬರುವುದರೊಳಗೆ

ಇಲ್ಲ, ಬೆಳಕು ಹೋಗುತ್ತಿದೆ. ಈ ಕೋಣೆಗೆ ಇರುವುದು ಆ ಮೇಲಿನ ಒಂದೇ ಕಿಟಕಿ, ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿವೆ. ಇಲ್ಲಿಗೇ ನಿಲ್ಲಿಸುತ್ತೇನೆ. ದೂರು ಕೊಡಬೇಡಿ ಭಾವ. ಕೇಳಿಕೊಳ್ಳುವುದು ಅಷ್ಟೇ.

ಈಗಲೂ ನಿಮ್ಮ ತಂಗಿಯ ಗಂಡನೇ ಆದ,
ನಾನು

ಮರೆತ ಮಾತು: ದೀಪ ಹಾಕಿಕೊಂಡು ಬರೆಯುತ್ತಿದ್ದೇನೆ. ಅಳಿಸಲೆಂದು ಪುಟ ತೆರೆದೆ. ಅಲ್ಲಿ ಈಗ ಇರುವುದು ಒಂದೇ ಸಾಲು. ನಿಮ್ಮ ತಂಗಿ ಹಾಕಿದ್ದು ಇಲ್ಲ. ಮಗಳು ಹಾಕಿದ್ದು ಹಾಗೆಯೇ ಇದೆ. ನಾನು ಮುಟ್ಟಿಲ್ಲ, ಪಾಸ್‌ವರ್ಡ್ ಇರುವುದು ನನ್ನ ಬಳಿ ಮತ್ತು ಗುಬ್ಬಿಯ ಬಳಿ ಮಾತ್ರ. ಈಗ ಯಾರು ಬಂದು ಈ ಪುಟ ನೋಡಿದರೂ, ಆಸ್ಪತ್ರೆಯ ಮೇಲ್ ಗುಬ್ಬಿಯ ಪೆಟ್ಟಿಗೆಗೆ ಬಂದಿತ್ತು, ಅವಳು ಓದಲಿಲ್ಲ ಅಂತಲೇ ಹೇಳುತ್ತಾರೆ. ಅವಳ ಅಮ್ಮನ ಹೆಸರು ಎಲ್ಲೂ ಬರುವುದಿಲ್ಲ. ನಿನ್ನೆ ನಿಮ್ಮ ಫೋನ್ ಅವಳಿಗೆ ಕೇಳಿಸಿದೆ. ಬೆಳಗ್ಗೆ ನನ್ನ ಮುಂದೆ ಕಾಫಿ ಇಟ್ಟು, ಮಾವ ಯಾವಾಗ ಬರ್ತಾರಪ್ಪ ಅಂತ ಕೇಳಿದಳು. ಬಾಗಿಲ ಸದ್ದಾಯಿತು, ಬಂದಳು. ಫೋನ್ ಮಾಡಬೇಡಿ. ಬನ್ನಿ.